ಬ್ಯಾಂಡ್ ಸಾ ಬ್ಲೇಡ್: ಯಾವ ಕೆಲಸಕ್ಕೆ ಯಾವುದು?

ಮೈಸೂರು, ಮಂಡ್ಯ ಕಡೆ ಬಹಳಷ್ಟು ಮರಗೆಲಸದ ಶೆಡ್‌ಗಳಲ್ಲಿ ಬ್ಯಾಂಡ್ ಸಾ ಇದೆ, ಅಂದರೆ ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸದ ಮಷಿನ್. ಆದರೆ ಮಷಿನ್ ಜೊತೆ ಬಂದ ಬ್ಲೇಡನ್ನೇ ಹಲಸಿನ ಹಲಗೆಗೂ ಹಾಕ್ತಾರೆ, ಪ್ಲೈವುಡ್‌ಗೂ ಹಾಕ್ತಾರೆ, ಕುರ್ಚಿ ಕಾಲಿನ ಬಾಗು ತೆಗೆಯೋಕೂ ಅದೇ. ಮರ ಸುಟ್ಟು ಕಪ್ಪಾದರೆ, ಬ್ಲೇಡ್ ಗೆರೆ ಬಿಟ್ಟು ಓಡಿದರೆ ಮಷಿನ್ ಸರಿಯಿಲ್ಲ ಅಂದುಕೊಳ್ಳುತ್ತೇವೆ. ಮೊದಲು ಬ್ಲೇಡ್ ನೋಡಿ.

ಮರದ ದಪ್ಪದಿಂದ ಶುರು ಮಾಡಿ. ಬ್ಲೇಡ್ ಕೊಳ್ಳುವಾಗ ಟಿಪಿಐ ಅಂತ ಹೇಳ್ತಾರಲ್ಲ, ಅದು ಒಂದು ಇಂಚಿನಲ್ಲಿ ಎಷ್ಟು ಹಲ್ಲಿವೆ ಅನ್ನುವ ಲೆಕ್ಕ. ಕೊಯ್ಯುವಾಗ ಕನಿಷ್ಠ 3 ಹಲ್ಲಾದರೂ ಮರದೊಳಗೆ ಇರಬೇಕು, 6ರಿಂದ 12 ಇದ್ದರೆ ಚೆನ್ನ. ಅರ್ಧ ಇಂಚಿನ ಪ್ಲೈವುಡ್‌ಗೆ 14 ಟಿಪಿಐ ಹಾಕಿದರೆ 7 ಹಲ್ಲು ಸಿಗುತ್ತವೆ. ಒಂದು ಇಂಚಿನ ಹಲಗೆಗೆ 6 ಅಥವಾ 10. ನಾಲ್ಕು ಇಂಚು ಎತ್ತರದ ತೇಗದ ತುಂಡನ್ನು ಸೀಳಬೇಕಾದರೆ 3 ಟಿಪಿಐ ಸಾಕು, ಯಾಕೆಂದರೆ ಹಲ್ಲು ಜಾಸ್ತಿ ಆದಷ್ಟೂ ಅವುಗಳ ನಡುವಿನ ಸಂದು ಚಿಕ್ಕದಾಗುತ್ತದೆ, ಮರದ ಪುಡಿಗೆ ಹೊರಗೆ ಬರಲು ಜಾಗ ಇರುವುದಿಲ್ಲ, ಅದು ಅಲ್ಲೇ ಉಜ್ಜಿ ಉಜ್ಜಿ ಬಿಸಿಯಾಗಿ ಮರವನ್ನೂ ಸುಡುತ್ತದೆ, ಬ್ಲೇಡನ್ನೂ ಹಾಳು ಮಾಡುತ್ತದೆ.

ಆಮೇಲೆ ಅಗಲ. ನೇರ ಕಟ್‌ಗೆ ನಿಮ್ಮ ಮಷಿನ್ ತಡೆಯುವಷ್ಟು ಅಗಲದ ಬ್ಲೇಡ್ ಹಾಕಿ, ಅದು ಅತ್ತಿತ್ತ ಓಡುವುದಿಲ್ಲ. ಬಾಗು ಇದ್ದರೆ ಲೆಕ್ಕ ಬೇರೆ. ಕಾಲು ಇಂಚಿನ ಬ್ಲೇಡ್ ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವು ತೆಗೆಯುತ್ತದೆ. ಅರ್ಧ ಇಂಚಿನದಕ್ಕೆ ಎರಡೂವರೆ ಇಂಚು ತ್ರಿಜ್ಯ ಬೇಕು. 1/8 ಇಂಚಿನದು 5 ಮಿಲಿಮೀಟರ್‌ವರೆಗೂ ತಿರುಗುತ್ತದೆ. ಮೈಸೂರಿನ ಬೀಟೆ ಇನ್‌ಲೇಯಲ್ಲಿ (ಮರದೊಳಗೆ ಚೂರು ಕೂರಿಸುವ ಚಿತ್ತಾರದ ಕೆಲಸ) ಬರುವ ಎಲೆ, ಆನೆ ಸೊಂಡಿಲಿನಂಥ ಸಣ್ಣ ತಿರುವುಗಳು ಇದಕ್ಕೂ ಬಗ್ಗುವುದಿಲ್ಲ, ಅದಕ್ಕೆ ತೆಳು ಬ್ಲೇಡಿನ ಸಣ್ಣ ಗರಗಸವೇ ಸರಿ. ಅಗಲದ ಬ್ಲೇಡನ್ನು ಬಲವಂತವಾಗಿ ತಿರುಗಿಸಬೇಡಿ, ಮುರಿಯುತ್ತದೆ.

ಹಲ್ಲಿನ ಆಕಾರ ಮುಖ್ಯವಾಗಿ ಮೂರು ಬಗೆ. ರೆಗ್ಯುಲರ್ ಅಂದರೆ ಸಮ ಅಂತರದ ನೇರ ಹಲ್ಲು, ಫಿನಿಶಿಂಗ್ ನಯವಾಗಿ ಬರುತ್ತದೆ, ವೇಗ ಕಡಿಮೆ. ಸ್ಕಿಪ್‌ನಲ್ಲಿ ಒಂದು ಬಿಟ್ಟು ಒಂದು ಹಲ್ಲು ಇರುತ್ತದೆ, ಪುಡಿ ಬೇಗ ಹೊರಬರುತ್ತದೆ, ಮೆದು ಮರಕ್ಕೂ ಪ್ಲಾಸ್ಟಿಕ್‌ಗೂ ಒಳ್ಳೆಯದು. ಹುಕ್ ಹಲ್ಲು ಸುಮಾರು 10 ಡಿಗ್ರಿ ಮುಂದಕ್ಕೆ ಬಾಗಿರುತ್ತದೆ. ಬೀಟೆ, ಹೊನ್ನೆಯಂಥ ಗಟ್ಟಿ ಮರದ ದಪ್ಪ ತುಂಡು ಸೀಳಲು ಇದೇ ಬೇಕು.

ದಿನಬಳಕೆಗೆ ಕಾರ್ಬನ್ ಸ್ಟೀಲ್ ಬ್ಲೇಡ್ ಸಾಕು, ಬೆಲೆಯೂ ಕಡಿಮೆ. ಆದರೆ ತೇಗದಲ್ಲಿ ಸಿಲಿಕಾ ಇರುತ್ತದೆ, ಹಲ್ಲು ಬೇಗ ಮೊಂಡಾಗುತ್ತದೆ. ಮಂಡ್ಯ ಕಡೆ ಹಳೇ ತೆಂಗಿನ ಮರ ಸೀಳುವವರಿಗೂ ಈ ಕಷ್ಟ ಗೊತ್ತು. ದಿನಾ ಅಂಥದ್ದೇ ಕೆಲಸವಾದರೆ ಬಹಳ ಗಟ್ಟಿಯಾದ ಕಾರ್ಬೈಡ್ ಹಲ್ಲಿನದಕ್ಕೆ ದುಡ್ಡು ಹಾಕಿ. ಬೈಮೆಟಲ್ ಬ್ಲೇಡ್‌ನಲ್ಲಿ ಬಗ್ಗುವ ಸ್ಟೀಲ್ ಪಟ್ಟಿಗೆ ಹೈಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ ಹಲ್ಲು ಬೆಸೆದಿರುತ್ತಾರೆ. ಕಬ್ಬಿಣದ ರಾಡ್ ಕತ್ತರಿಸುವ ವರ್ಕ್‌ಶಾಪ್‌ಗಳಲ್ಲಿ ಓಡುವುದು ಹೆಚ್ಚಾಗಿ ಇದೇ. ಹಾಗಂತ ಅದನ್ನು ಮರದ ಮಷಿನ್‌ಗೆ ಹಾಕಿ ಕಬ್ಬಿಣ ಕೊಯ್ಯಲು ಹೋಗಬೇಡಿ! ಮರದ ಮಷಿನ್‌ನಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 3000 ಅಡಿ ಓಡುತ್ತದೆ, ಸ್ಟೀಲಿಗೆ ಬೇಕಾದ ವೇಗ 300 ಅಡಿಯೊಳಗೆ.

ಬ್ಲೇಡಿನ ಉದ್ದ ಗೊತ್ತಿಲ್ಲ ಅಂದರೆ ಮೇಲಿನ ಚಕ್ರವನ್ನು ಅದರ ಮೇಲೆ ಕೆಳಗಿನ ಓಡಾಟದ ನಡುಮಧ್ಯಕ್ಕೆ ತಂದು, ಎರಡೂ ಚಕ್ರಗಳ ಕೇಂದ್ರದ ನಡುವಿನ ದೂರವನ್ನು ಎರಡರಿಂದ ಗುಣಿಸಿ, ಅದಕ್ಕೆ ಒಂದು ಚಕ್ರದ ಸುತ್ತಳತೆ ಸೇರಿಸಿ. 14 ಇಂಚಿನ ಚಕ್ರಕ್ಕೆ ಸುತ್ತಳತೆ ಸುಮಾರು 44 ಇಂಚು. ಅಂಗಡಿಯಲ್ಲಿ ಆ ಉದ್ದಕ್ಕೆ ಕತ್ತರಿಸಿ ಬೆಸುಗೆ ಹಾಕಿಸಿದರೆ ಜೋಡಣೆಯ ಮೇಲೆ ಬೆರಳಾಡಿಸಿ ನೋಡಿ, ಉಬ್ಬು ಇದ್ದರೆ ವಾಪಸ್ ಕೊಡಿ.

ಬ್ಲೇಡ್ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ, ಕೈಗೆ ಗ್ಲೌಸ್ ಹಾಕಿ. ಹಲ್ಲು ಟೇಬಲ್ ಕಡೆ ಕೆಳಮುಖವಾಗಿರಬೇಕು. ಮೇಲ್ಮುಖವಾಗಿ ಕಂಡರೆ ಬ್ಲೇಡನ್ನು ಒಳಮೈ ಹೊರಗಾಗುವಂತೆ ತಿರುಚಿ, ಸರಿಹೋಗುತ್ತದೆ. ಟೆನ್ಷನ್ ಕೊಟ್ಟು, ಅಂದರೆ ಬ್ಲೇಡ್ ಬಿಗಿ ಮಾಡಿ, ಚಕ್ರವನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ. ಗ್ಲೌಸ್ ಬಿಚ್ಚಿ, ಬ್ಲೇಡ್ ಅಲುಗದಂತೆ ಹಿಡಿಯುವ ಮೇಲಿನ ಗೈಡನ್ನು ಮರಕ್ಕಿಂತ ಕಾಲು ಇಂಚು ಮೇಲೆ ನಿಲ್ಲಿಸಿ, ಆಮೇಲೆ ಪ್ಲಗ್ ಹಾಕಿ.