ಸೆನ್ಸರ್ ಬಿಟ್ಟು ಚೀಟಿ ಹಿಡಿದೆ: ನಮ್ಮ ಲಾರಿಗಳ ಡೀಸೆಲ್ ಲೆಕ್ಕಕ್ಕೆ ಎಐ ಬಂದಿದ್ದು ಹೀಗೆ

ನಮ್ಮದು ಹದಿನಾಲ್ಕು ಗಾಡಿ. ತಿಂಗಳಿಗೆ ಡೀಸೆಲ್ ಖರ್ಚು ಹದಿನಾರು ಲಕ್ಷದ ಹತ್ತಿರ ಬರ್ತಿತ್ತು. ಈಗ ಹದಿನೈದು, ಕೆಲವು ತಿಂಗಳು ಅದಕ್ಕೂ ಸ್ವಲ್ಪ ಕಡಿಮೆ. ಗಾಡಿ ಮಾರಿಲ್ಲ, ಟ್ರಿಪ್ ಕಡಿಮೆ ಮಾಡಿಲ್ಲ. ಇದು ಎಐ ಮಾಡಿದ ಕೆಲಸ ಅಂದರೆ ಕೋಲಾರದ ಲಾರಿ ಆಫೀಸುಗಳಲ್ಲಿ ಇವತ್ತಿಗೂ ನಗೋರಿದ್ದಾರೆ. "ಕಂಪ್ಯೂಟರ್ ಬಂದು ನಿನ್ನ ಟ್ಯಾಂಕ್ ಕಾಯುತ್ತೇನಪ್ಪಾ?" ಅಂತ ಒಬ್ಬ ಹಿರಿಯರು ಎಲ್ಲರ ಮುಂದೆ ಕೇಳಿದ್ದರು. ಅವರ ಮಾತು ಆಮೇಲೆ ಹೇಳ್ತೀನಿ.

ಟ್ಯಾಂಕ್ ಅಂತೂ ಅದು ಕಾಯಲ್ಲ. ಕಾಯುತ್ತೆ ಅಂತ ಹೇಳಿ ಮಾರಿದವರ ಕೈಗೇ ನನ್ನ ಮೊದಲ ದುಡ್ಡು ಹೋಗಿದ್ದು. 2023ರ ಜುಲೈನಲ್ಲಿ ಇಲ್ಲಿಂದ ಜೈಪುರಕ್ಕೆ ಹೊರಟ ಟೊಮ್ಯಾಟೊ ಲಾರಿ ನಾಪತ್ತೆ ಆಯ್ತಲ್ಲ, ಅದರಲ್ಲಿ ಸುಮಾರು 21 ಲಕ್ಷದ ಮಾಲು. ಎಪಿಎಂಸಿ ಸುತ್ತಮುತ್ತ ಎಲ್ಲ ಓನರ್‌ಗಳಿಗೂ ಎದೆ ಢವಢವ. ಅದರ ಬೆನ್ನಿಗೇ ಬ್ಯಾಗ್ ಹಾಕಿಕೊಂಡ ಹುಡುಗರು ಬರೋಕೆ ಶುರು ಮಾಡಿದರು. ಜಿಪಿಎಸ್ ಜತೆಗೆ "ಎಐ ಡೀಸೆಲ್ ಸೆನ್ಸರ್". ಗಾಡಿಗೆ ಒಂಬತ್ತೋ ಒಂಬತ್ತೂವರೆಯೋ ಸಾವಿರ, ಮೇಲೆ ತಿಂಗಳ ಚಾರ್ಜ್ ಬೇರೆ. ಐದು ಗಾಡಿಗೆ ಹಾಕಿಸಿದೆ.

ನಮ್ಮ ಗಾಡಿಗಳು ಹೆಚ್ಚಾಗಿ ಹೋಗೋದು ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ಮೇಲೆ ಚೆನ್ನೈನ ಕೊಯಂಬೇಡು ಮಾರ್ಕೆಟ್‌ಗೆ. ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟ್. ಗಾಡಿ ಇಳಿಯುವಾಗ ಡೀಸೆಲ್ ಟ್ಯಾಂಕಿನ ಒಂದು ಮೂಲೆಗೆ ಓಡುತ್ತೆ, ಮಟ್ಟ ಅಳೆಯೋ ಸೆನ್ಸರ್ ರಾಡ್ ಇರೋ ಕಡೆ ಮಟ್ಟ ಬೀಳುತ್ತೆ. ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಬಡಕೊಳ್ಳುತ್ತೆ: "ಡೀಸೆಲ್ ಕಳವು, 22 ಲೀಟರ್". ಗಾಬರಿಯಾಗಿ ಫೋನ್ ಮಾಡಿದರೆ ಕ್ಲೀನರ್ ಎತ್ತಿ, "ಅಣ್ಣಾ, ಗಾಡಿ ಓಡ್ತಾ ಇದೆ. ಓಡೋ ಗಾಡಿಯಿಂದ ಯಾರಣ್ಣಾ ಕದೀತಾರೆ?" ಅಂದ. ನ್ಯಾಯವೇ ಅಲ್ವಾ? ಕಂಪನಿಯವರು ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿ ಮಾಡ್ತೀವಿ ಅಂತ ಮತ್ತೆ ಬಂದರು, ಮತ್ತೆ ದುಡ್ಡು. ಘಾಟ್‌ನಲ್ಲಿ ಮತ್ತೆ ಅದೇ ಕತೆ. ಕೊನೆಗೆ ಇಬ್ಬರು ಡ್ರೈವರ್‌ಗಳು "ನಮ್ಮನ್ನ ಕಳ್ಳರು ಅನ್ನೋ ಗಾಡಿ ನಮಗೆ ಬೇಡ" ಅಂತ ಬಿಟ್ಟು ಹೋದರು. ಡ್ರೈವರ್ ಸಿಗದ ಈ ಕಾಲದಲ್ಲಿ ಸೆನ್ಸರ್ ದುಡ್ಡಿಗಿಂತ ಅದೇ ದೊಡ್ಡ ನಷ್ಟ.

ಕ್ಯಾಮೆರಾನೂ ಹಾಕಿಸಿದೆ, ಎರಡು ಗಾಡಿಗೆ. ಒಂದೊಂದಕ್ಕೆ ಇಪ್ಪತ್ತೆರಡು ಸಾವಿರ ಇರಬೇಕು. ಡ್ರೈವರ್ ಕಣ್ಣು ಮುಚ್ಚಿದರೆ ಕೂಗುತ್ತೆ. ಬೆಳಗ್ಗೆ ಚೆನ್ನೈ ಕಡೆ ಹೋಗೋದು ಅಂದರೆ ಸೂರ್ಯನಿಗೆ ಎದುರಾಗಿ ಹೋಗೋದು, ಯಾರಾದರೂ ಕಣ್ಣು ಕಿರಿದು ಮಾಡಲೇಬೇಕು. ಅದು ರಾಣಿಪೇಟೆವರೆಗೂ ಕೂಗ್ತಾನೇ ಇರುತ್ತೆ. ಮೂರನೇ ದಿನ ಅದರ ಮೇಲೆ ಟವೆಲ್ ಬಿತ್ತು. ಆದರೆ ಕ್ಯಾಮೆರಾ ಪೂರ್ತಿ ದಂಡ ಅನ್ನಲ್ಲ. ಟೋಲ್ ಹತ್ತಿರ ಒಂದು ಕಾರು ಬಂದು ತಾಗಿಸಿ ನಮ್ಮ ಮೇಲೇ ತಪ್ಪು ಹಾಕಿದಾಗ ರಸ್ತೆ ಕಡೆಯ ವಿಡಿಯೊ ನಮ್ಮನ್ನು ಉಳಿಸಿತು. ಹಾಗಾಗಿ ರಸ್ತೆ ನೋಡೋ ಕ್ಯಾಮೆರಾ ಇದೆ, ಮುಖ ನೋಡೋದನ್ನ ಆಫ್ ಮಾಡಿದೀನಿ.

ಇಷ್ಟೆಲ್ಲ ಆಗಿ ಒಂದು ಲಕ್ಷಕ್ಕೆ ಹತ್ತಿರ ಹತ್ತಿರ ಕೈಬಿಟ್ಟ ಮೇಲೆ ಮನೇಲಿ ಇದ್ದ ಹಳೇ ಟ್ರಿಪ್ ಶೀಟ್ ಕಟ್ಟು ಕಣ್ಣಿಗೆ ಬಿತ್ತು. ಗಾಡಿಗೆ ಹೊಸದಾಗಿ ಏನೂ ಹಾಕದೆ, ಇರೋ ಚೀಟಿಗಳಿಂದಲೇ ಏನಾದರೂ ಆಗುತ್ತಾ ಅಂತ ಅಕ್ಕನ ಮಗನನ್ನ ಕೂರಿಸಿಕೊಂಡೆ. ಬಿಸಿಎ ಓದ್ತಿದ್ದಾನೆ, ನನಗೆ ಕೋಡ್ ಬರಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಡೀಸೆಲ್ ಮೂರು ರೂಪಾಯಿ ಏರಿತು, 2025ರ ಏಪ್ರಿಲ್‌ನಲ್ಲಿ ಇನ್ನೆರಡು. ಆದರೂ ಆಂಧ್ರಕ್ಕಿಂತ ಇಲ್ಲೇ ಅಗ್ಗ. ಅದಕ್ಕೆ ಎಲ್ಲರೂ ಗಡಿಯ ನಂಗಲಿ ದಾಟೋ ಮೊದಲು ಟ್ಯಾಂಕ್ ಫುಲ್ ಮಾಡಿಸ್ತೀವಿ, ವಾಪಸ್ ಬಂದು ಮತ್ತೆ ಇಲ್ಲೇ ಫುಲ್. ಅಂದರೆ ಫುಲ್‌ನಿಂದ ಫುಲ್‌ಗೆ ಎಷ್ಟು ಲೀಟರ್ ಹಿಡಿಯಿತು ಅನ್ನೋದೇ ಆ ಟ್ರಿಪ್ ಕುಡಿದ ಡೀಸೆಲ್. ಘಾಟ್ ಇಲ್ಲ, ರಾಡ್ ಇಲ್ಲ, ಬಿಲ್ ಸಾಕು.

ಡ್ರೈವರ್ ಟ್ರಿಪ್ ಶೀಟ್, ಬಂಕ್ ಬಿಲ್, ವೇಬ್ರಿಡ್ಜ್ ಚೀಟಿ, ಮೂರಕ್ಕೂ ವಾಟ್ಸಾಪ್‌ನಲ್ಲಿ ಫೋಟೊ ಹಾಕ್ತಾರೆ. ಎಐ ಅದನ್ನು ಓದಿ ಸಾಲು ಸಾಲಾಗಿ ಶೀಟ್‌ಗೆ ಇಳಿಸುತ್ತೆ. ಕೈಬರಹ ಓದೋದರಲ್ಲಿ ಪರವಾಗಿಲ್ಲ, 1 ಮತ್ತು 7 ಮಾತ್ರ ಅದಲುಬದಲು ಮಾಡುತ್ತೆ. ಹಿಂದಿನ ಟ್ರಿಪ್‌ನ ಕಿಲೋಮೀಟರ್‌ಗೆ ಹೊಂದದಿದ್ದರೆ ಕೆಂಪು ಮಾಡು ಅಂತ ಹೇಳಿದ ಮೇಲೆ ಆ ಕಾಟ ಮುಗೀತು. ಬಂಕ್ ಬಿಲ್ ಮಾತ್ರ ಅದೇ ದಿನ ಫೋಟೊ ಆಗಬೇಕು. ಡ್ಯಾಶ್‌ಬೋರ್ಡ್ ಮೇಲೆ ಎರಡು ದಿನ ಬಿಸಿಲಿಗೆ ಬಿದ್ದರೆ ಅಕ್ಷರ ಮಾಯ. ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಅನ್ನೋದಕ್ಕೆ ಜಿಪಿಎಸ್ ಬೇಕೇ ಬೇಕು ಅಂತಿಲ್ಲ. ಫಾಸ್ಟ್ಯಾಗ್ ಮೆಸೇಜ್‌ನಲ್ಲಿ ಟೋಲ್ ದಾಟಿದ ಟೈಮ್ ಇರುತ್ತೆ, ಎರಡು ಟೋಲ್ ನಡುವಿನ ಹೊತ್ತು ನೋಡಿದರೆ ಅರ್ಧ ಕತೆ ಗೊತ್ತಾಗುತ್ತೆ.

ಒಂದು ಮಾತು. ಎಐ ಚಾಟ್‌ನಲ್ಲಿ ಸುಮ್ನೆ "ಇದರ ಸರಾಸರಿ ಹೇಳು" ಅಂತ ಕೇಳಬೇಡಿ. ಕೆಲವು ಸಲ ಧೈರ್ಯವಾಗಿ ತಪ್ಪು ಲೆಕ್ಕ ಹೇಳುತ್ತೆ. ಲೆಕ್ಕ ಮಾಡೋ ಪ್ರೋಗ್ರಾಂ ಬರೆದುಕೊಡು ಅನ್ನಿ, ಅದನ್ನು ನಮ್ಮ ಶೀಟ್ ಮೇಲೆ ಓಡಿಸಿ. ಎಐಗೆ ನಾನು ಕಟ್ಟೋ ಚಂದಾ ತಿಂಗಳಿಗೆ ಎರಡು ಸಾವಿರದ ಒಳಗೆ. ಹುಡುಗನಿಗೆ ನಾನು ಕೊಡೋದು ಅದಕ್ಕಿಂತ ಜಾಸ್ತಿ.

ಮೊದಲು ಎಲ್ಲ ಗಾಡಿಗಳನ್ನೂ ಒಂದರ ಜತೆ ಒಂದು ಹೋಲಿಸಿದ್ವಿ. ಕೆಲಸಕ್ಕೆ ಬರಲಿಲ್ಲ. ಆರು ಚಕ್ರದ್ದು ಲೀಟರ್‌ಗೆ ಆರು ಕಿಲೋಮೀಟರ್ ಕೊಟ್ಟರೆ ಹತ್ತು ಚಕ್ರದ್ದು ಲೋಡ್‌ನಲ್ಲಿ ನಾಲ್ಕೂವರೆ ಕೊಡಲ್ಲ. ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯ ಲೆಕ್ಕವೇ ಬೇರೆ. ಆಮೇಲೆ ಪ್ರತಿ ಗಾಡಿಯನ್ನೂ ಅದರ ಹಳೇ ಟ್ರಿಪ್‌ಗಳ ಜತೆಗೇ ಹೋಲಿಸೋಕೆ ಹೇಳಿದೆ. ಇಷ್ಟು ತೂಕ, ಇಷ್ಟು ಕಿಲೋಮೀಟರ್, ರಿಟರ್ನ್ ಲೋಡ್ ಇದೆಯೋ ಖಾಲಿಯೋ, ಎಷ್ಟು ಹೊತ್ತು ನಿಂತಿದೆ. ಇದಕ್ಕೆ ಈ ಗಾಡಿ ಎಷ್ಟು ಕುಡೀಬೇಕಿತ್ತು, ಎಷ್ಟು ಕುಡಿದಿದೆ? ಎಂಟುನೂರು ಟ್ರಿಪ್‌ನಷ್ಟು ಸೇರಿದ ಮೇಲೆ ಅದರ ಅಂದಾಜು ನಾಲ್ಕೈದು ಲೀಟರ್ ಆಚೆ ಈಚೆ ಬರೋಕೆ ಶುರುವಾಯ್ತು. ಇನ್ನೊಂದು ಕಾಲಂ ಇದೆ, ಅದು ಸೇರಿದ ಮೇಲೇ ಅಂದಾಜು ಕೂತಿದ್ದು. ಅದೇನು ಅಂತ ಬರೆಯಲ್ಲ. ನಮ್ಮ ಪಕ್ಕದ ಶೆಡ್‌ನವರೂ ಇದನ್ನು ಓದ್ತಾರೆ.

ಮೊದಲು ಸಿಕ್ಕಿಬಿದ್ದಿದ್ದು ಒಂದು ಹತ್ತು ಚಕ್ರದ ಗಾಡಿ. ಪ್ರತಿ ಟ್ರಿಪ್‌ಗೂ ಹತ್ತು ಹನ್ನೆರಡು ಲೀಟರ್ ಜಾಸ್ತಿ. ಶೆಡ್‌ನಲ್ಲಿ ಎಲ್ಲರೂ ಡ್ರೈವರ್ ಕಡೆ ಕೈ ತೋರಿಸಿದರು. ನನಗೆ ಯಾಕೋ ಹಾಗನ್ನಿಸಲಿಲ್ಲ. ಕದಿಯೋನು ಒಂದು ಟ್ರಿಪ್ ಕದೀತಾನೆ, ಒಂದು ಬಿಡ್ತಾನೆ. ಇದು ಲೋಡ್ ಬಂದರೂ ಅಷ್ಟೇ, ಖಾಲಿ ಬಂದರೂ ಹೆಚ್ಚುಕಡಿಮೆ ಅಷ್ಟೇ. ಡ್ರೈವರ್ ಬದಲಾಯಿಸಿದೆ, ಆಗಲೂ ಅಷ್ಟೇ. ಟೇಕಲ್ ರೋಡಿನ ಮೇಸ್ತ್ರಿ ಗಾಡಿ ಬಂದು ನಿಂತ ತಕ್ಷಣ ಚೊಂಬಿನಲ್ಲಿ ನೀರು ಹಿಡಿದು ಪ್ರತಿ ಚಕ್ರದ ಡ್ರಮ್ ಮೇಲೆ ನಾಲ್ಕು ಹನಿ ಚಿಮುಕಿಸುತ್ತಾ ಸುತ್ತು ಬಂದರು. ಬೇರೆ ಕಡೆ ನೀರು ಸುಮ್ಮನೆ ಇಳಿದುಹೋಯ್ತು. ಎಡಗಡೆ ಹಿಂದಿನ ಚಕ್ರದಲ್ಲಿ ಚುಂಯ್ ಅಂತ ಆವಿಯಾಯ್ತು. ಬ್ರೇಕ್ ಹಿಡಿದರೆ ಪೂರ್ತಿ ಬಿಡ್ತಾ ಇರಲಿಲ್ಲ. ರಿಪೇರಿಗೆ ಮೂರೂವರೆ ಸಾವಿರ ಆಯ್ತು. ಅದು ತಿಂದಿದ್ದು ತಿಂಗಳಿಗೆ ಹತ್ತು ಸಾವಿರದ ಮೇಲೆ, ಎಷ್ಟು ತಿಂಗಳಿಂದಲೋ.

ಎರಡನೇದು ಬಂಕ್. ಗಾಡಿ ಯಾವುದಾದರೂ ಸರಿ, ಡ್ರೈವರ್ ಯಾರಾದರೂ ಸರಿ, ಒಂದು ಬಂಕ್‌ನಲ್ಲಿ ಫುಲ್ ಮಾಡಿಸಿದ ದಿನ ಮಾತ್ರ ನೂರು ಲೀಟರ್‌ಗೆ ಮೂರರಂತೆ ಹೆಚ್ಚು ಬಿಲ್. ಜಗಳಕ್ಕೆ ಹೋಗಲಿಲ್ಲ, ಬಂಕ್ ಬದಲಾಯಿಸಿದೆ. ಯಾವುದು ಅಂತ ಕೇಳಬೇಡಿ.

ಕಳ್ಳತನವೂ ಸಿಕ್ಕಿತು, ಇಲ್ಲ ಅನ್ನಲ್ಲ. ಆದರೆ ನಾವು ಶೆಡ್‌ನಲ್ಲಿ ಮಾತಾಡಿಕೊಳ್ಳೋವಷ್ಟು ಇರಲಿಲ್ಲ. ಹೆಚ್ಚಿನದು ಹೋಗ್ತಿದ್ದಿದ್ದು ಕೊಯಂಬೇಡಿನಲ್ಲಿ ಇಂಜಿನ್ ಆನ್ ಇಟ್ಟುಕೊಂಡು ಅನ್‌ಲೋಡ್‌ಗೆ ಕಾಯೋದರಲ್ಲಿ. ಅದಕ್ಕೆ ಡ್ರೈವರ್‌ಗಳನ್ನೆಲ್ಲ ಕೂರಿಸಿ ಹೇಳಿದೆ: ಅಂದಾಜಿಗಿಂತ ಉಳಿಸಿದ್ದರಲ್ಲಿ ಮೂರನೇ ಒಂದು ಪಾಲು ಬತ್ತಾ ಜತೆ ನಿಮಗೆ, ಜಾಸ್ತಿ ಆದರೆ ಕಡಿತ ಇಲ್ಲ, ಮೊದಲು ಗಾಡಿ ಚೆಕ್ ಮಾಡಿಸ್ತೀನಿ. ಆ ವಾರದಿಂದ ಫೋಟೊ ತಾವಾಗೇ ಬರೋಕೆ ಶುರುವಾಯ್ತು. ಬಿಟ್ಟು ಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬಂದಿದ್ದಾನೆ.

ಕಲ್ಕತ್ತಾ, ದೆಹಲಿ ಲೈನಿಗೆ ಇದು ನಡೆಯಲ್ಲ. ಅಲ್ಲಿ ಟ್ರಿಪ್ ಕಡಿಮೆ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಹಾಕಿಸ್ತಾರೆ, ಅಂದಾಜು ದಿಕ್ಕಾಪಾಲು.

ಮಧ್ಯೆ ಬೇರೆ ಬೇರೆ ಕಸರತ್ತೂ ಮಾಡಿದ್ವಿ. ಇಂಜಿನ್ ಮಾಹಿತಿ ಓದೋಕೆ ಕಾರಿಗೆ ಹಾಕೋ ಓಬಿಡಿ ಡಾಂಗಲ್ ತಂದು ಲಾರಿಗೆ ಚುಚ್ಚಿದ ಹುಡುಗ. ಅದು ಹನ್ನೆರಡು ವೋಲ್ಟ್‌ನದ್ದು, ನಮ್ಮದು ಇಪ್ಪತ್ನಾಲ್ಕು. ಸುಟ್ಟ ವಾಸನೆ ಬಂತು, ಎಂಟುನೂರು ರೂಪಾಯಿ ಹೋಯ್ತು. ಡ್ರೈವರ್‌ಗಳ ವಾಯ್ಸ್ ಮೆಸೇಜ್ ಓದಿಸೋಕೆ ನೋಡಿದೆ. "ಅಣ್ಣಾ, ಪಲಮನೇರ್ ದಗ್ಗರ ನಿಲ್ಸಿದೀನಿ, ಏರ್ ಲೀಕ್ ಅವುತಾ ಉಂದಿ" ಅನ್ನೋ ನಮ್ಮ ಕೋಲಾರದ ಕನ್ನಡ-ತೆಲುಗು ಬೆರೆತ ಭಾಷೆಯಲ್ಲಿ ಅರ್ಧ ನುಂಗಿಬಿಡ್ತು. ಬಿಎಸ್6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡೋಕೆ ಹಾಕೋ ಯೂರಿಯಾ ದ್ರಾವಣದ ಲೆಕ್ಕ ಮಾತ್ರ ಕೈ ಹಿಡಿಯಿತು. ನೂರು ಲೀಟರ್ ಡೀಸೆಲ್‌ಗೆ ಸುಮಾರು ಮೂರರಿಂದ ಐದು ಲೀಟರ್ ಹೋಗಬೇಕು. ಅದು ಏರಿದರೂ ಇಳಿದರೂ ಈಗ ದಾರಿಯಲ್ಲಿ ಲೈಟ್ ಹತ್ತೋ ಮೊದಲೇ ನನಗೆ ಗೊತ್ತಾಗುತ್ತೆ.

ಚೆನ್ನೈನಿಂದ ರಿಟರ್ನ್ ಲೋಡ್ ಯಾವ ದಿನ ಸಿಗುತ್ತೆ ಅಂತ ಅಂದಾಜು ಮಾಡಿಸೋದು ಇನ್ನೂ ಆಗಿಲ್ಲ. ಬ್ರೋಕರ್ ಫೋನೇ ವಾಸಿ.

ಕಂಪ್ಯೂಟರ್ ಟ್ಯಾಂಕ್ ಕಾಯುತ್ತಾ ಅಂತ ಕೇಳಿದ ಆ ಹಿರಿಯರು ಕಳೆದ ತಿಂಗಳು ತಮ್ಮ ಆರು ಗಾಡಿಗಳ ಟ್ರಿಪ್ ಶೀಟ್‌ಗಳನ್ನ ಟೊಮ್ಯಾಟೊ ಕ್ರೇಟ್‌ನಲ್ಲಿ ತುಂಬಿಸಿ ಮಗನ ಕೈಲಿ ಕಳಿಸಿದ್ದಾರೆ. ಗಾಡಿಗೆ ತಿಂಗಳಿಗೆ ಮುನ್ನೂರು ಅಂತ ಹೇಳಿದೀನಿ. ಇನ್ನೂರೈವತ್ತಕ್ಕೆ ಕೇಳ್ತಿದ್ದಾರೆ.