ಮಗ್ಗ ನಿಲ್ಲಿಸಿದ ಒಂದು ತಾಸು

ನಾನು ನಟನೆ ಕಲಿತದ್ದು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ನಾಟಕ ಕಂಪನಿಗಳ ಟೆಂಟು ವಾರಗಟ್ಟಲೆ ಇರುತ್ತವೆ, ರಾತ್ರಿಯೆಲ್ಲ ಆಟ. ಕೊನೆಯ ಸಾಲಿನ ಅಜ್ಜನಿಗೂ ಕೇಳಲಿ ಅಂತ ಚೀರಿ ಚೀರಿ ಬೆಳೆಸಿದ ಗಂಟಲು ನನ್ನದು. ಅದೇ ಗಂಟಲು ಹೊತ್ತುಕೊಂಡು ಬೆಂಗಳೂರಿಗೆ ಹೋಗಿ ಧಾರಾವಾಹಿಯಲ್ಲಿ ಮಾವನ ಪಾತ್ರ ಮಾಡಿದೆ. ಮೊದಲ ದಿನವೇ ಸೌಂಡ್ ಹುಡುಗ ಹೆಡ್‌ಫೋನ್ ಕಿತ್ತಿಟ್ಟ.

ನನ್ನ ಶಾಟ್ ಇಲ್ಲದಾಗ ಮಾನಿಟರ್ ಹಿಂದೆ ಹೋಗಿ ಕೂರುತ್ತಿದ್ದೆ. ಅದನ್ನು ನೋಡಿ ಡೈರೆಕ್ಟರು ಕಂಟಿನ್ಯುಟಿ (ಒಂದು ಶಾಟ್‌ಗೂ ಮುಂದಿನದಕ್ಕೂ ಹೊಂದಿಕೆ) ಬರೆಯಲು ಹಚ್ಚಿದರು. ಸೆರಗು ಯಾವ ಕೈಯಲ್ಲಿತ್ತು, ಕಪ್ಪಿನಲ್ಲಿ ಚಹಾ ಎಷ್ಟು ಉಳಿದಿತ್ತು, ಎಲ್ಲ ಬರೆಯಬೇಕು. ಸುಮ್ನೆ ಹೇಳುತ್ತಿಲ್ಲ, ಅರ್ಧ ನಿರ್ದೇಶನ ಆ ನೋಟ್‌ಬುಕ್‌ನಲ್ಲೇ ಕಲಿತೆ. ಆಮೇಲೆ ಅಸೋಸಿಯೇಟ್, ಆಮೇಲೆ ಸಂಚಿಕೆ ನಿರ್ದೇಶಕ.

ಅರ್ಧ ತಾಸಿನ ಸ್ಲಾಟ್‌ಗೆ ಸುಮಾರು 22 ನಿಮಿಷದ ಕಥೆ, ವಾರಕ್ಕೆ 5 ಸಂಚಿಕೆ. ದಿನಕ್ಕೊಂದು ಮುಗಿಸದಿದ್ದರೆ ಬ್ಯಾಂಕಿಂಗ್ ಕರಗುತ್ತದೆ (ದುಡ್ಡಲ್ಲ, ಮೊದಲೇ ತೆಗೆದಿಟ್ಟ ಸಂಚಿಕೆಗಳು). ಆ ಅವಸರದಲ್ಲಿ ಎಲ್ಲರ ಪಾತ್ರವನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಅತ್ತೆ, ಸೊಸೆ, ಹಾಲು ತರುವ ಹುಡುಗ ಎಲ್ಲರೂ ನನ್ನ ಹಾಗೇ ಹುಬ್ಬು ಏರಿಸತೊಡಗಿದರು. ಲೈನ್ ಕ್ರಾಸ್ ಕೂಡ ಆಯಿತು, ಅಂದರೆ ಇಬ್ಬರ ನಡುವಿನ ಕಾಣದ ಗೆರೆಯನ್ನು ಕ್ಯಾಮೆರಾ ದಾಟಿಬಿಟ್ಟಿತು. ಎದುರುಬದುರು ಕೂತ ಗಂಡ ಹೆಂಡತಿ ಎಡಿಟ್‌ನಲ್ಲಿ ಇಬ್ಬರೂ ಗೋಡೆ ಕಡೆ ನೋಡುತ್ತಿದ್ದರು! ಮತ್ತೆ ತೆಗೆಯಲು ಟೈಮ್ ಎಲ್ಲಿತ್ತು, ಹಾಗೇ ಟಿವಿಯಲ್ಲಿ ಹೋಯಿತು.

ಮಾಡಿ ತೋರಿಸುವ ಚಾಳಿ ಬಿಟ್ಟದ್ದು ಗುಳೇದಗುಡ್ಡದಲ್ಲಿ. ಖಣ (ಕುಪ್ಪಸದ ಬಟ್ಟೆ) ನೇಯುವವರ ಮನೆಯಲ್ಲಿ ಶೂಟಿಂಗ್, ತಾಯಿಗೆ ಮಗ ಸತ್ತ ಸುದ್ದಿ ಬರುವ ದೃಶ್ಯ. ಲೈವ್ ಸೌಂಡ್ ಬೇಕಲ್ವಾ, ಮಗ್ಗ ನಿಲ್ಲಿಸಿ ಅಂದೆವು.

“ಎಷ್ಟೊತ್ತ ನಿಂದ್ರಸೂದ್ರಿ ಸರ?” ಅಂದರು ಮನೆಯ ಹಿರಿಯರು.

“ಒಂದ್ ತಾಸ ಕಾಕಾ, ಅಷ್ಟ.”

ಒಂದೂವರೆ ಪುಟ ಡೈಲಾಗು. ನಟಿ ಒಳ್ಳೆಯವರೇ, ಆದರೂ ಅಳು ಬರಲಿಲ್ಲ. ಎಂದಿನಂತೆ ಮಾಡಿ ತೋರಿಸಲು ಎದ್ದೆ. ಪಾಪ, ಅವರ ಮುಖ ನೋಡಿ ಕೂತೆ. ಡೈಲಾಗ್ ಪೇಪರ್ ಮಡಚಿ, ಮಗ್ಗ ಶುರು ಮಾಡ್ರಿ ಕಾಕಾ ಅಂದೆ. ಲಾಳಿ ಟಕಟಕ ಓಡಿತು. ಸುದ್ದಿ ತಂದವನ ತುಟಿ ಅಲುಗುತ್ತದೆ, ಏನೂ ಕೇಳಿಸುವುದಿಲ್ಲ. ಆಕೆ ಮಾತ್ರ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಸುತ್ತುತ್ತಾ ಕೈ ನಿಲ್ಲಿಸಿದರು. ಕ್ಲೋಸಪ್, ಒಂದೇ ಟೇಕ್.

ಚಾನೆಲ್‌ನವರು ಅದರ ಮೇಲೂ ಪಿಟೀಲು ಸುರಿದರು, ಆ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಪ್ರೊಡಕ್ಷನ್ ಮ್ಯಾನೇಜರಿಗೆ ಬೇರೆಯೇ ತಲೆಬಿಸಿ. ಮಗ್ಗ ನಿಲ್ಲಿಸಿದ ತಾಸಿಗೆ ಕಾಕಾಗೆ ಕೊಟ್ಟ ಕೂಲಿಯನ್ನು ಯಾವ ಖರ್ಚಿನಲ್ಲಿ ಬರೆಯುವುದು ಅಂತ.