ಕೈ ಎತ್ತಿದಾಗ ಬೆನ್ನಿನ ಹಲಗೆ ಎಲ್ಲಿಗೆ ಹೋಗುತ್ತದೆ? ಮುಟ್ಟಿ ನೋಡಿ

ಅಟ್ಟದ ಮೇಲಿನ ಡಬ್ಬಿ ತೆಗೆಯಲು ಕೈ ಚಾಚುತ್ತೀರಿ. ತೋಳೊಂದೇ ಮೇಲೆ ಹೋಯಿತು ಅನ್ನಿಸುತ್ತದೆ, ಅಲ್ವಾ? ಬೆನ್ನ ಮೇಲ್ಭಾಗದ ಇನ್ನೊಂದು ಮೂಳೆಯೂ, ಅಂದರೆ ಹೆಗಲ ಹಲಗೆಯೂ, ಅದರ ಜೊತೆ ಹೊರಟಿರುತ್ತದೆ. ಬೆರಳಿನಿಂದಲೇ ಅದನ್ನು ಹುಡುಕೋಣ. ಹೆಗಲು ನೋವಿರುವವರು, ಈಚೆಗೆ ಪೆಟ್ಟು ಬಿದ್ದವರು ಮೂಳೆ ಮುಟ್ಟಿ ನೋಡಿದರೆ ಸಾಕು, ಕೈ ಎತ್ತುವುದು ಬೇಡ.

ಗಂಟಲ ಕೆಳಗಿನ ಗುಳಿಗೆ ಬೆರಳಿಡಿ. ಪಕ್ಕದಲ್ಲೇ ಒಂದು ಗಂಟು ಸಿಗುತ್ತದೆ. ಕಾಲರ್ ಬೋನ್ ಶುರುವಾಗುವುದು ಇಲ್ಲಿಂದ. ಬೆರಳನ್ನು ಹೆಗಲ ಕಡೆಗೆ ಜಾರಿಸಿ. ಮೂಳೆ ಮೊದಲು ಮುಂದಕ್ಕೆ ಬಾಗುತ್ತದೆ, ಆಮೇಲೆ ಹಿಂದಕ್ಕೆ. ಇಡೀ ಕೈಯನ್ನು ಎದೆಗೂಡಿಗೆ ಮೂಳೆಯಿಂದ ಮೂಳೆಗೆ ಜೋಡಿಸಿರುವುದು ಆ ಗಂಟಿನ ಬಳಿಯ ಪುಟ್ಟ ಕೀಲು ಒಂದೇ. ಮಿಕ್ಕಿದ್ದೆಲ್ಲ ಸ್ನಾಯುಗಳ ಹಿಡಿತ.

ಕಾಲರ್ ಬೋನ್ ಮುಗಿದಲ್ಲಿ, ಹೆಗಲ ನೆತ್ತಿಯಲ್ಲಿ, ಚಪ್ಪಟೆ ಜಾಗವಿದೆ. ಅದು ಹೆಗಲ ಹಲಗೆಯ ತುದಿ. ಅಲ್ಲಿಂದ ಬೆನ್ನಿನ ಕಡೆಗೆ ಹೋದರೆ ಬದುವಿನಂಥ ಏಣು ಸಿಗುತ್ತದೆ. ಈ ಮೂರು ಮೂಲೆಯ ಹಲಗೆ 2ನೇ ಪಕ್ಕೆಲುಬಿನಿಂದ 7ನೆಯದರವರೆಗೆ ಹರಡಿಕೊಂಡಿದೆ. ಪಕ್ಕೆಲುಬಿಗೆ ಅಂಟಿಕೊಂಡಿಲ್ಲ, ನಡುವಿನ ಸ್ನಾಯುಗಳ ಮೇಲೆ ಜಾರುತ್ತದೆ.

ಈಗ ಮನೆಯವರೊಬ್ಬರನ್ನು ಕರೆಯಿರಿ. ಹಲಗೆಯ ಕೆಳತುದಿಗೆ ಹೆಬ್ಬೆರಳಿಡಲು ಹೇಳಿ. ನೀವು ಅಂಗೈ ಮುಂದಕ್ಕೆ ತಿರುಗಿಸಿ, ಕೈಯನ್ನು ಪಕ್ಕದಿಂದ ನಿಧಾನವಾಗಿ ಎತ್ತಿ. ಶುರುವಿನಲ್ಲಿ ಹಲಗೆ ಅಷ್ಟಾಗಿ ಅಲ್ಲಾಡುವುದಿಲ್ಲ. ಸುಮಾರು 30 ಡಿಗ್ರಿ ದಾಟಲಿ, ಅದರ ತುದಿ ಕಂಕುಳ ಕಡೆಗೆ ಹೊರಳುವುದು ಬೆರಳಿಗೆ ಗೊತ್ತಾಗುತ್ತದೆ. ಕೈ ಕಿವಿಯ ಪಕ್ಕ ಬಂದಾಗ ಒಟ್ಟು 180 ಡಿಗ್ರಿ. ಅದರಲ್ಲಿ ಹೆಚ್ಚುಕಮ್ಮಿ 120 ತೋಳಿನ ಮೂಳೆಯದು, 60 ಹಲಗೆಯದು. ಕಾಲರ್ ಬೋನ್ ಕೂಡ ಏರಿ ಹೊರಳಿರುತ್ತದೆ.

ಹಲಗೆ ಯಾಕೆ ತಿರುಗಬೇಕು? ತೋಳಿನ ಮೂಳೆಯ ತಲೆ ಚೆಂಡಿನ ಹಾಗೆ ದೊಡ್ಡದು. ಅದು ಕೂರುವ ಹಲಗೆಯ ಬಟ್ಟಲು ಚಿಕ್ಕದು, ಆಳವೂ ಇಲ್ಲ, ತಟ್ಟೆ ಅಂದರೂ ನಡೆಯುತ್ತದೆ. ತೋಳು ಏರಿದಂತೆ ಹಲಗೆ ಹೊರಳಿ ಆ ತಟ್ಟೆಯನ್ನು ಮೇಲ್ಮುಖವಾಗಿ ಒಡ್ಡುತ್ತದೆ. ಚೆಂಡು ಜಾರುವುದಿಲ್ಲ. ನಮಗೆ ಗೊತ್ತಿಲ್ಲದೆಯೇ ದಿನವಿಡೀ ನಡೆಯುವ ಈ ಹೊಂದಾಣಿಕೆ ನೆನೆದರೆ ನನಗೆ ಈಗಲೂ ಬೆರಗು.

ಕೊನೆಯದಾಗಿ, ಕೈ ಇಳಿಸಿ. ಹೆಬ್ಬೆರಳು ನೆಲ ನೋಡುವಂತೆ ತೋಳನ್ನು ಒಳಕ್ಕೆ ತಿರುಚಿ, ಪಕ್ಕದಿಂದ ಎತ್ತಿ. ಹೆಗಲ ಮಟ್ಟದ ಆಸುಪಾಸಿನಲ್ಲಿ ಬಿಗಿಯುತ್ತದೆ. ಸುಮ್ನೆ ಜೋರು ಮಾಡಬೇಡಿ. ಸ್ವಲ್ಪ ಇಳಿಸಿ, ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ ಮತ್ತೆ ಎತ್ತಿ. ಸಲೀಸಾಗಿ ಹೋಯಿತಾ? ತೋಳಿನ ಮೂಳೆಯ ತಲೆಯ ಬದಿಯಲ್ಲಿ ಒಂದು ಉಬ್ಬಿದೆ. ಮೊದಲು ಅದು ಹೆಗಲ ನೆತ್ತಿಯ ಮೂಳೆಯ ಕೆಳಗೆ ಒತ್ತುತ್ತಿತ್ತು. ತೋಳು ಹೊರಳಿದಾಗ ಹಿಂದೆ ಸರಿದು ದಾರಿ ಬಿಟ್ಟಿತು. ಎತ್ತರದ ತಂತಿಗೆ ಬಟ್ಟೆ ಹಾಕುವಾಗ ಹೆಗಲು ಹಿಡಿದಂತಾದರೆ, ಹೆಬ್ಬೆರಳು ಯಾವ ಕಡೆ ಇದೆ ಅಂತ ಒಮ್ಮೆ ನೋಡಿಕೊಳ್ಳಿ.